ಪಕ್ಕದೂರಿನ ಗೋಲಿಗೆ ಕುಣಿದವನ ಹನ್ನೊಂದನೇ ಸೀಟು

ಗೋಪ್ಯ. ಸಂಚಾಲಕಿಯವರು ಖುದ್ದಾಗಿ ಒಡೆಯತಕ್ಕದ್ದು. ಖಜಾಂಚಿ ವಾಲಿ ಸ್ಪಿಂಕ್ ಒಡೆಯತಕ್ಕದ್ದಲ್ಲ.

ಇಂದ,
ಗ್ರೆಗರ್ ಟೋಲ್ಮಿ, ಬಲೆ ರಿಪೇರಿಯವನು,
ಬಂದರು ಬೀದಿ, ಕಿನ್‌ಬ್ರೇ, ಸ್ಕಾಟ್ಲೆಂಡ್.

ಗೆ,
ಶ್ರೀಮತಿ ಎಫೀ ಸ್ಟರಕ್ (ಅರ್ಜಿದಾರನ ಒಡಹುಟ್ಟಿದ ಅಕ್ಕ),
ಸಂಚಾಲಕರು, ಕಿನ್‌ಬ್ರೇ ಥಿಸಲ್ ಫುಟ್‌ಬಾಲ್ ಅಭಿಮಾನಿಗಳ ಬಸ್ಸು ಸಮಿತಿ.

ವಿಷಯ: ಬಸ್ಸಿನ ಹನ್ನೊಂದನೇ ಸೀಟನ್ನು ಅರ್ಜಿದಾರನಿಗೆ ಮರಳಿ ಮಂಜೂರು ಮಾಡುವ ಕುರಿತು.

ಉಲ್ಲೇಖ: ೧) ನನ್ನನ್ನು ಬಸ್ಸಿನಿಂದ ಇಳಿಸಿದ ತಮ್ಮ ನಿನ್ನೆಯ, ಅಂದರೆ ಸೋಮವಾರದ ಪತ್ರ. ೨) ಸಮಿತಿಯ ನಿಯಮ ನಾಲ್ಕು: "ಆರ್ಡ್‌ಹೇವನ್ ರೋವರ್ಸ್ ತಂಡದ ಗೋಲಿಗೆ ಸಂತೋಷಪಡುವವರಿಗೆ ಬಸ್ಸಿನಲ್ಲಿ ಜಾಗವಿಲ್ಲ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಆರ್ಡ್‌ಹೇವನ್ ನಮ್ಮಿಂದ ಆರು ಮೈಲಿ. ಅವರು ಸೋತ ದಿನ ನಮ್ಮೂರಿನಲ್ಲಿ ಮೀನಿಗೂ ರುಚಿ ಹೆಚ್ಚು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸದರಿ ತಂಡವು ಕಳೆದ ಗುರುವಾರ ಯುರೋಪಿನ ಅರ್ಹತಾ ಸುತ್ತಿನಲ್ಲಿ ಡೆನ್ಮಾರ್ಕಿನ ತಂಡವೊಂದರ ಎದುರು ಆಡಿತು. ಅಲ್ಲಿ ಯಾವ ಸ್ಕಾಟಿಷ್ ತಂಡ ಗೆದ್ದರೂ ಅಂಕ ಇಡೀ ದೇಶದ ಹೆಸರಿಗೆ ಸೇರುತ್ತದೆ. ದೇಶದ ಸ್ಥಾನ ಏರಿದ ಕಾರಣ ಹೆಚ್ಚು ತಂಡಗಳಿಗೆ ಯುರೋಪಿನ ಬಾಗಿಲು ತೆರೆಯುತ್ತದೆ. ತೆರೆದ ಕಾರಣ, ವರ್ಷ ವರ್ಷ ಒಂದೇ ಒಂದು ಸ್ಥಾನದಿಂದ ಹೊರಗುಳಿಯುವ ನಮ್ಮ ಥಿಸಲ್ ಕೂಡ ಒಳಗೆ ನುಸುಳಬಹುದು. ಆದಕಾರಣ ವೈರಿಯ ಗೆಲುವೇ ನಮ್ಮ ಲಾಭ. ಈ ಏರ್ಪಾಟು ಯುರೋಪಿನವರದು, ನನ್ನದಲ್ಲ.

೨. ಡೆನ್ಮಾರ್ಕಿನ ಜನಸಂಖ್ಯೆ ಹೆಚ್ಚುಕಮ್ಮಿ ನಮ್ಮಷ್ಟೇ. ಆದರೂ ಅಲ್ಲಿನ ಆ ತಂಡದವರು ಊರ ಹುಡುಗನೊಬ್ಬನನ್ನು ಬೆಳೆಸಿ, ಹತ್ತೊಂಬತ್ತು ತುಂಬುವಷ್ಟರಲ್ಲಿ ಇಂಗ್ಲೆಂಡಿಗೆ ಮಾರಿ, ಬಂದ ದುಡ್ಡಿನಲ್ಲಿ ಹೊಸ ಸ್ಟೇಡಿಯಂ ಕಟ್ಟಿಕೊಂಡಿದ್ದಾರೆ. ಆರ್ಡ್‌ಹೇವನ್‌ನವರು ಮಧ್ಯಂತರದಲ್ಲಿ ಲಾಟರಿ ನಡೆಸಿ, ಗೆದ್ದವರಿಗೆ ಮಾಂಸದ ಪೈ ಕೊಟ್ಟು, ಉಳಿದದ್ದರಲ್ಲಿ ಚಾವಣಿಗೆ ತಗಡು ಹೊದಿಸಿದ್ದಾರೆ. ನಾವು ಇನ್ನೂ ತಗಡಿಗೆ ಕಾಯುತ್ತಿದ್ದೇವೆ. ನಮ್ಮಲ್ಲಿ ಹೆಚ್ಚಿಗೆ ಇರುವುದು ಒಂದೇ, ಮಳೆಯಲ್ಲಿ ತೊಯ್ದುಕೊಂಡು ಸೋಲು ನೋಡಲು ಟಿಕೆಟ್ ಕೊಂಡು ಬರುವ ಜನ. ಇದಕ್ಕೆ ಮಾತ್ರ ಯುರೋಪಿನವರು ಅಂಕ ಕೊಡುವುದಿಲ್ಲ.

೩. ಎರಡೂ ಊರಿನವರ ಕಣ್ಣಿಗೆ ಬೀಳಬಾರದೆಂದು ನಾನು ಮೂರನೇ ಊರಿನ ಪಬ್ಬಿಗೆ ಹೋಗಿ, ಮೂಲೆಯಲ್ಲಿ ಕೂತು, ಟಿವಿಯಲ್ಲಿ ಪಂದ್ಯ ನೋಡಿದೆ. ತೊಂಬತ್ತಮೂರನೇ ನಿಮಿಷದಲ್ಲಿ ಆರ್ಡ್‌ಹೇವನ್‌ನ ಮುದಿ ಬ್ಯಾಕ್ ಆಟಗಾರ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವನು, ತಲೆಯಿಂದ ಚೆಂಡನ್ನು ಒಳಗೆ ಹೊಡೆದ. ಆಗ ನನ್ನ ಸ್ಥಿತಿ ಹೇಗಿತ್ತೆಂಬುದಕ್ಕೆ ಯಾರೋ ಪುಣ್ಯಾತ್ಮರು ತೆಗೆದು ಹಂಚಿದ ಫೋಟೋ ಸಾಕ್ಷಿಯಾಗಿದೆ. ಅದರಲ್ಲಿ ನನ್ನ ಮುಖ ಪೂರ್ತಿ ಇದೆ. ನಾನು ತಬ್ಬಿಕೊಂಡವರದು ಹಳದಿ ರೇನ್‌ಕೋಟಿನ ಬೆನ್ನು ಮಾತ್ರ. ಅಂಥ ರೇನ್‌ಕೋಟು ನಮ್ಮ ಕಡೆ ಮನೆಗೊಂದಿದೆ.

ಶುಕ್ರವಾರ ಸಮಿತಿ ಸೇರಿದಾಗ ಖಜಾಂಚಿ ವಾಲಿ ಆ ಫೋಟೋ ಹಿಡಿದುಕೊಂಡೇ ವಿಚಾರಣೆ ಶುರುಮಾಡಿದ.

"ಕುರ್ಚಿ ಮೇಲೆ ಯಾಕೋ ಹತ್ತಿದ್ದೆ, ಗ್ರೆಗರ್?"

"ಸ್ಕೋರು ಸರಿಯಾಗಿ ಕಾಣ್ಲಿ ಅಂತ."

"ಕಣ್ಣಲ್ಲಿ ನೀರು ಬೇರೆ!"

"ಸೂಪಿಗೆ ಮೆಣಸು ಜಾಸ್ತಿ ಬಿದ್ದಿತ್ತು ಮಾರಾಯ."

"ತಬ್ಕೊಂಡಿದ್ದು ಯಾರನ್ನ, ಅದನ್ ಹೇಳು."

"ಗೋಲಾದಾಗ ಮುಖ ನೋಡ್ಕೊಂಡು ತಬ್ಕೋತಾರೇನೋ?"

ತಾವು ಅಷ್ಟು ಹೊತ್ತೂ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದಿರಿ. ನಿನ್ನೆಯ ಪತ್ರದಲ್ಲಿ ತಮ್ಮ ಸಹಿ ಎಂದಿನಷ್ಟು ನೇರವಾಗಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

೪. ಹನ್ನೊಂದು ನನ್ನ ಸೀಟು, ಹನ್ನೆರಡು ತಮ್ಮದು. ಎಂಟು ವರ್ಷದ ಹಿಂದೆ ಕಪ್ ಸೆಮಿಫೈನಲ್ ದಿನ ನಾನು ನಾಲ್ಕು ನಿಮಿಷ ತಡವಾಗಿ ಬಂದೆ. ತಾವು ಕಾಯದೆ ಬಸ್ಸು ಹೊರಡಿಸಿದಿರಿ. ನಮ್ಮ ಜನ್ಮದಲ್ಲಿ ಥಿಸಲ್ ಗೆದ್ದ ಒಂದೇ ಸೆಮಿಫೈನಲ್ ಅದು. ನಾನು ರಸ್ತೆಯಲ್ಲಿ ನಿಂತಿದ್ದೆ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ. ಆದರೆ ಪ್ರತಿ ಶನಿವಾರ ಬಸ್ಸು ಸೇತುವೆ ದಾಟಿದ ಕೂಡಲೇ ತಾವು ಫ್ಲಾಸ್ಕಿನಿಂದ ಎರಡು ಮುಚ್ಚಳ ಚಹಾ ಬಗ್ಗಿಸಿ, ಒಂದನ್ನು ನನ್ನ ಕಡೆಗೆ ಇಡುತ್ತೀರಿ. ಅದಕ್ಕೆ ಎರಡು ಚಮಚ ಸಕ್ಕರೆ ಮೊದಲೇ ಬಿದ್ದಿರುತ್ತದೆ. ಮೊನ್ನೆ ಶನಿವಾರ, ತಮ್ಮ ಪತ್ರ ಬರುವ ಮೊದಲೇ, ಬಸ್ಸು ನನ್ನನ್ನು ಬಿಟ್ಟು ಹೋಯಿತು. ಮನೆಯಲ್ಲೇ ಚಹಾ ಮಾಡಿಕೊಂಡೆ. ಕುಡಿಯಲಾಗಲಿಲ್ಲ. ಆ ಸೀಟು ಬಿಟ್ಟರೆ ನಿನ್ನ ಪಕ್ಕ ಕೂರಲು ನನಗೆ ಬೇರೆ ಜಾಗವಿಲ್ಲ ಅಕ್ಕ. (ತಿದ್ದುಪಡಿ: ತಮ್ಮ ಪಕ್ಕ.)

೫. ಗೋಲಾದಾಗ ನಾನು ಮುಖ ನೋಡಿರಲಿಲ್ಲ ಎಂಬುದು ನಿಜ. ದನಿ ಕೇಳಿಸಿತ್ತು. "ಗ್ರೆಗ್ಗೀ, ಗೋಲು ಕಣೋ! ಗೋಲು!" ಎಂಟು ವರ್ಷದ ಬಳಿಕ ತಾವು ನನ್ನೊಡನೆ ಆಡಿದ ಮೊದಲ ಮಾತು ಅದು. ಮರುಗಳಿಗೆ ಹಳದಿ ರೇನ್‌ಕೋಟಿನ ಟೋಪಿ ಎಳೆದುಕೊಂಡು ಹೊರಟೇಬಿಟ್ಟಿರಿ. ಸದರಿ ಸಂಗತಿಯನ್ನು ಸಮಿತಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಸೀಟು ಸಿಗದಿದ್ದರೂ ಹೇಳುವುದಿಲ್ಲ. ಇನ್ನು ಮೊದಲನೇ ಅಂಶದಲ್ಲಿ ಬರೆದ ದೇಶದ ಅಂಕದ ವಿಚಾರ: ಅದು ನನಗೆ ನೆನಪಾದದ್ದು ಮನೆಗೆ ಬಂದ ಮೇಲೆ.

ಆದ್ದರಿಂದ ಹನ್ನೊಂದನೇ ಸೀಟನ್ನು ಮರಳಿ ಕೊಡಿಸಬೇಕೆಂದೂ, ನಿಯಮ ನಾಲ್ಕಕ್ಕೆ "ಯುರೋಪಿನ ಪಂದ್ಯವಿರುವ ಗುರುವಾರಗಳನ್ನು ಹೊರತುಪಡಿಸಿ" ಎಂದು ಸೇರಿಸಿ ನಮ್ಮಿಬ್ಬರ ಮಾನ ಉಳಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ, ಅದಕ್ಕೂ ಮೊದಲು ಒಡಹುಟ್ಟಿದವನು,
ಗ್ರೆಗರ್ ಟೋಲ್ಮಿ

ಅಡಕಗಳು:
೧. ದೇಶಗಳ ಅಂಕಪಟ್ಟಿ, ನಮ್ಮ ಸಾಲಿಗೆ ಪೆನ್ಸಿಲ್ ಗುರುತು ಹಾಕಿದ್ದು.
೨. ಫೋಟೋ ಒಂದು, ರೇನ್‌ಕೋಟಿನ ಭಾಗ ಕತ್ತರಿಸಿ ನನ್ನ ಬಳಿ ಇಟ್ಟುಕೊಂಡಿದ್ದೇನೆ.
೩. ಫ್ಲಾಸ್ಕಿನ ಮುಚ್ಚಳ ಒಂದು, ನಾನು ಬಸ್ಸು ಹತ್ತಿದ ಕೊನೆಯ ಶನಿವಾರ ತಪ್ಪಿ ಜೇಬಿಗೆ ಸೇರಿದ್ದು, ತೊಳೆದಿದೆ.

ವಿ.ಸೂ.: ನಾಡಿದ್ದು ಗುರುವಾರ ಡೆನ್ಮಾರ್ಕಿನಲ್ಲಿ ಎರಡನೇ ಪಂದ್ಯ. ಅದೇ ಪಬ್ಬು, ಅದೇ ಮೂಲೆ. ಪಕ್ಕದಲ್ಲಿ ಒಂದು ಕುರ್ಚಿ ಹಿಡಿದಿಟ್ಟಿರುತ್ತೇನೆ. ನಾಲ್ಕು ನಿಮಿಷ ತಡವಾದರೂ ಕಾಯುತ್ತೇನೆ.