ಮಾವನವರ ಕೂಪನ್ ಡಬ್ಬಿ

ನಮ್ಮ ಮಾವನವರು ಜೀವಮಾನದಲ್ಲಿ ಟೂತ್‌ಪೇಸ್ಟ್ ಕೊಂಡವರಲ್ಲ. ಅವರು ಕೊಳ್ಳುತ್ತಿದ್ದದ್ದು ಪ್ಲಾಸ್ಟಿಕ್ ಆನೆ, ಪ್ಲಾಸ್ಟಿಕ್ ಜಿರಾಫೆ. ಅದರ ಜೊತೆಗೆ ಒಂದು ಟೂತ್‌ಪೇಸ್ಟ್ ಬಿಟ್ಟಿ ಬರುತ್ತಿತ್ತು, ಅಷ್ಟೆ! ಮನೆಯಲ್ಲಿ ಆನೆ ಇಟ್ಟುಕೊಂಡು ಆಡುವ ವಯಸ್ಸಿನವರು ಯಾರೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಶೋಕೇಸಿನಲ್ಲಿ ಒಂದು ಕಾಡೇ ಸಾಲುಗಟ್ಟಿ ನಿಂತಿತ್ತು. ಅದನ್ನು ಒರೆಸುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂತು. ಮಾವನವರ ಮೇಲೆ ನನ್ನ ಸಿಟ್ಟು ಶುರುವಾದದ್ದು ಒಂದು ಜಿರಾಫೆಯ ಕತ್ತಿನಿಂದ.

ಎಪ್ಪತ್ತರ ದಶಕದ ಕೊನೆಯ ಮಾತು. ಆರ್.ಟಿ. ನಗರದಲ್ಲಿ ಮನೆ. ನಮ್ಮವರಿಗೆ ಯಶವಂತಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಹೆಬ್ಬಾಳದ ಶಾಲೆಯಲ್ಲಿ ಟೀಚರ್ ಕೆಲಸ. ಮಾವನವರು ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿದ್ದರು. ನಿವೃತ್ತರಾದವರು ದೇವಸ್ಥಾನಕ್ಕೆ ಹೋಗುತ್ತಾರೆ, ಪಾರ್ಕಿನಲ್ಲಿ ಕೂತು ಸರ್ಕಾರವನ್ನು ಬೈಯುತ್ತಾರೆ. ನಮ್ಮ ಮಾವನವರು ಕೂಪನ್ ಕತ್ತರಿಸುತ್ತಿದ್ದರು. ಸೋಪಿನ ಹೊದಿಕೆ, ಹಲ್ಲುಪುಡಿ ಡಬ್ಬದ ಮುಚ್ಚಳ, ಬಿಸ್ಕತ್ ಪೊಟ್ಟಣದ ಒಂದು ಮೂಲೆ, ಯಾವುದಕ್ಕೆ ಏನು ಕೊಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಕೂಡಿಸಿದ್ದನ್ನು ಹೋಗಿ ಕೊಟ್ಟು ವಸ್ತು ತರುತ್ತಿದ್ದರೇ? ಅಲ್ಲೇ ಇರುವುದು ಸಮಾಚಾರ.

"ಆತುರ ಪಟ್ಟೋರು ಕಂಪನಿಯವನನ್ನ ಉದ್ಧಾರ ಮಾಡ್ತಾರೆ ಕಣಮ್ಮ" ಎಂದು ನನಗೆ ಉಪದೇಶ ಮಾಡುತ್ತಿದ್ದರು. "ಸ್ವಲ್ಪ ಕೂಪನ್ ಕೊಟ್ಟು ಚಮಚ ತಗೊಂಡ್ರೆ ನಮಗೆ ನಷ್ಟ. ಕಾದು, ಮೇಲಿನ ಸಾಮಾನಿಗೆ ಕೈ ಹಾಕ್ಬೇಕು. ಪೂರ್ತಿ ಬೆಲೆ ವಸೂಲಾಗ್ಬೇಕು." ಮೇಲಿನ ಸಾಮಾನಿನವರೆಗೆ ಮುಟ್ಟಿದರೆ ಅದಕ್ಕೂ ಮೇಲೆ ಇನ್ನೊಂದು ಸಾಮಾನು ಅವರಿಗೆ ಕಾಣುತ್ತಿತ್ತು.

ಆ ಸೋಪಿನ ಕಥೆಯನ್ನಂತೂ ಹೇಳಲೇಬೇಕು. ಹೊದಿಕೆ ಕೊಟ್ಟರೆ ಏನೋ ಕೊಡುತ್ತಾರೆಂದು ಒಂದು ಸೋಪು ತಂದಿದ್ದರು. ಮೈಗೆ ಹಚ್ಚಿದರೆ ತುರಿಕೆ. ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಾ ಓಡಾಡಿದೆವು. ನಮ್ಮವರು ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ನಿಂತು ಕೆರೆದುಕೊಳ್ಳುತ್ತಿದ್ದುದನ್ನು ನೋಡಿ ಸೂಪರ್‌ವೈಸರು ರಜ ಕೊಟ್ಟು ಕಳಿಸಿದರು. ಮಾವನವರು ಸೋಪು ಬದಲಾಯಿಸಿದರೇ? ಇಲ್ಲ! ಬೇಗ ಮುಗಿಸಲು ಉಪಾಯ ಹುಡುಕಿದರು. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಸ್ನಾನಕ್ಕೆ ಎಬ್ಬಿಸುತ್ತಿದ್ದರು. ಒಂದು ದಿನ ಅವರ ಕಚೇರಿಯಲ್ಲಿ ಜವಾನರಾಗಿದ್ದ ಹುಣಸಮಾರನಹಳ್ಳಿಯ ಗೌಡರೊಬ್ಬರು ಚೀಲದ ತುಂಬ ಅವರೆಕಾಯಿ ಹೊತ್ತುಕೊಂಡು ಬಂದರು. ಮಾವನವರು ಅವರ ಕೈಗೆ ಟವೆಲು ಕೊಟ್ಟರು.

"ನಾನು ಒತ್ತಾರೇನೇ ಮಿಂದ್ಕೊಂಡು ಬಂದಿವ್ನಿ ಸಾಮಿ" ಎಂದರು ಗೌಡರು.

"ಬಿಸಿಲಲ್ಲಿ ಬಂದಿದೀಯ. ಇನ್ನೊಂದು ಸಲ ಆಗ್ಲಿ."

"ನಮ್ಮೂರಾಗೆ ಎಣಕ್ಕೆ ಮಾತ್ರ ಇಂಗೆ ಬಲವಂತ ಮಾಡಿ ನೀರು ಉಯ್ತಾರೆ ಸಾಮಿ" ಎಂದು ಹೇಳಿ ಗೌಡರು ಅವರೆಕಾಯಿ ಇಳಿಸಿ ಹೊರಟೇ ಹೋದರು. ಆಮೇಲೆ ಎಷ್ಟೋ ಅವರೆ ಕಾಲ ಕಳೆದರೂ ಆ ಮನುಷ್ಯ ನಮ್ಮ ಬೀದಿಗೆ ಕಾಲಿಡಲಿಲ್ಲ. ಒಳ್ಳೆಯ ಸೊಗಡಿನ ಅವರೆಕಾಯಿ ಒಂದು ದರಿದ್ರ ಸೋಪಿನಿಂದ ತಪ್ಪಿಹೋಯಿತಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದೆಲ್ಲ ಸಣ್ಣಪುಟ್ಟ ಸಿಟ್ಟು. ದೊಡ್ಡ ಸಿಟ್ಟು ಟೀ ಪೊಟ್ಟಣದ್ದು.

ಅದು ಕಾಫಿ ಮನೆ. ನಮ್ಮತ್ತೆ ಬೀಜ ಹುರಿದು, ಮನೆಯಲ್ಲೇ ಪುಡಿ ಮಾಡಿ, ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವವರು. ಆ ಫಿಲ್ಟರನ್ನು ಮುಟ್ಟುವ ಹಕ್ಕು ಇಡೀ ಮನೆಯಲ್ಲಿ ಅವರೊಬ್ಬರಿಗೇ. ಟೀ ಎಂದರೆ ಜ್ವರ ಬಂದವರಿಗೆ ಕೊಡುವ ಕಷಾಯ ಎಂದು ಅವರ ಭಾವನೆ. ನಾನೋ ಧಾರವಾಡದ ಕಡೆಯವಳು. ತವರಿನಲ್ಲಿ ಕಣ್ಣು ಬಿಟ್ಟರೆ ಚಹಾ, ಮುಚ್ಚುವ ಮೊದಲು ಚಹಾ. ಬಂದ ಹೊಸದರಲ್ಲಿ ಆ ಕಾಫಿ ಕುಡಿದು, ಚಹಾ ಇಲ್ಲದೆ, ಬೆಳಗಾದರೆ ತಲೆ ಸಿಡಿಯುತ್ತಿತ್ತು. ಸೊಸೆಯಾಗಿ ಬಂದವಳು ನನಗೆ ಬೇರೆ ಮಾಡಿಕೊಡಿ ಎಂದು ಕೇಳುವುದಕ್ಕಾಗುತ್ತದೆಯೇ? ಹಣೆಗೆ ಬಟ್ಟೆ ಬಿಗಿದುಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಯಾವುದೋ ಟೀ ಕಂಪನಿಗೆ ದೇವರು ಒಳ್ಳೆಯ ಬುದ್ಧಿ ಕೊಟ್ಟ. ಪೊಟ್ಟಣದೊಳಗೆ ಕೂಪನ್ ಇಟ್ಟರು. ಮಾವನವರು ಮಾರನೆಯ ದಿನವೇ ಟೀ ಪುಡಿ ಹಿಡಿದು ಮನೆಗೆ ಬಂದರು. ಅತ್ತೆ ಅದನ್ನು ಸತ್ತ ಇಲಿ ನೋಡುವಂತೆ ನೋಡಿದರು.

"ಇದನ್ನ ಯಾರು ಕುಡೀತಾರೆ?"

"ನಾನು ಕುಡೀತೀನಿ. ಕಾಫಿ ಪಿತ್ತ ಆಗ್ತಾ ಇದೆ. ಜೊತೆಗೆ ಈ ಹುಡುಗಿ ಕುಡಿದ್ರೆ ಪೊಟ್ಟಣ ಬೇಗ ಖಾಲಿ ಆಗುತ್ತೆ. ಇದ್ರಲ್ಲಿ ಕುಕ್ಕರ್ ವರೆಗೂ ಕೊಡ್ತಾರೆ ಕಣೇ."

ಅತ್ತೆ ಬಹಳ ಹೊತ್ತು ಯೋಚಿಸಿ ಅಪ್ಪಣೆ ಕೊಟ್ಟರು. "ಸಾಮಾನು ಬರೋ ತನಕ ಮಾತ್ರ. ಬಂದ ದಿನದಿಂದ ಈ ಕಷಾಯ ನನ್ನ ಅಡುಗೆಮನೇಲಿ ಕುದೀಕೂಡ್ದು." ಹೀಗೆ ಕಂಪನಿಯವರ ದಯೆಯಿಂದ ನನ್ನ ತಲೆನೋವು ಹೋಯಿತು. ಆ ಒಂದು ವಿಷಯಕ್ಕೆ ಆ ಕಂಪನಿಯವರ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದೆ.

ಕೂಪನ್ನುಗಳಿಗೆ ಒಂದು ಬಿಸ್ಕತ್ ಡಬ್ಬಿ ಮೀಸಲಾಯಿತು. ಹುಳ ತಿನ್ನದಿರಲೆಂದು ಒಳಗೆ ನುಸಿಗುಳಿಗೆ. ಆಗಾಗ ತಾರಸಿಯ ಮೇಲೆ ಮೊರದಲ್ಲಿ ಹರಡಿ ಬಿಸಿಲಿಗೆ ಇಡುವುದು. ಒಂದು ಭಾನುವಾರ ಸುಂಟರಗಾಳಿ ಬಂದು ಅಷ್ಟನ್ನೂ ಎತ್ತಿಕೊಂಡು ಹೋಯಿತು ನೋಡಿ! ಮಾವನವರು ಪಂಚೆ ಎತ್ತಿಕಟ್ಟಿ ಬೀದಿಗೆ ಓಡಿದರು, ಅವರ ಹಿಂದೆ ಮಗ, ಮಗನ ಹಿಂದೆ ನಾನು. ಪಕ್ಕದ ಮನೆಯ ಟೈಲರ್ ಸಾಹೇಬರು ತಮ್ಮ ಕಾಂಪೌಂಡಿನಲ್ಲಿ ಬಿದ್ದದ್ದನ್ನೆಲ್ಲ ಆರಿಸಿ ತಂದುಕೊಟ್ಟರು.

"ಸಾರ್, ನೋಟ್ ಹಾರ್ಕೊಂಡ್ ಬಂದಿದ್ರೆ ನಾನ್ ವಾಪಸ್ ಕೊಡ್ತಾನೇ ಇರ್ಲಿಲ್ಲ. ಕೂಪನ್ ಅಂತ ತಂದೆ" ಎಂದು ನಕ್ಕರು.

ಮಾವನವರು ನಗಲಿಲ್ಲ. "ನೋಟು ಹೋದ್ರೆ ಹೋಗ್ಲಿ ಸಾಹೇಬ್ರೆ" ಎಂದು ಅವರ ಕೈ ಹಿಡಿದುಕೊಂಡರು. ಅಂದಿನಿಂದ ಸಾಹೇಬರ ಮನೆಯ ಟೀ ಪೊಟ್ಟಣದ ಕೂಪನ್ನೂ ನಮ್ಮ ಡಬ್ಬಿಗೇ ಬರತೊಡಗಿತು.

ಇಷ್ಟಾದರೂ ಕುಕ್ಕರ್ ಬಂತೇ? ಆರ್.ಟಿ. ನಗರದ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಿಸಿದವರಿಗೆ ನನ್ನ ಕಷ್ಟ ಗೊತ್ತು. ಆ ಗಡಸು ನೀರಿನಲ್ಲಿ ತೊಗರಿಬೇಳೆ ಕುದಿಯುತ್ತದೆ, ಕುಣಿಯುತ್ತದೆ, ಬೇಯುವುದಿಲ್ಲ. ಸೀಮೆಎಣ್ಣೆ ಸ್ಟೌ ಮುಂದೆ ನಾನು ಬೆವರು ಸುರಿಸುತ್ತಾ ಸೌಟಿನಿಂದ ಬೇಳೆ ಅರೆಯುತ್ತಿದ್ದರೆ ಹೆಬ್ಬಾಳದ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಹೆಡ್‌ಮಿಸ್ಸು ಬಾಗಿಲಲ್ಲೇ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಇನ್ನೊಮ್ಮೆ ತಡವಾದರೆ ಕೆಲಸಕ್ಕೆ ಬರುವುದೇ ಬೇಡ ಎಂದೂ ಹೇಳಿಯಾಗಿತ್ತು. ನಮ್ಮವರು ದುಡ್ಡು ಕೊಟ್ಟೇ ಕುಕ್ಕರ್ ತರುತ್ತೇನೆಂದು ಹೊರಟರೆ ಮಾವನವರು ಅಡ್ಡ ನಿಂತರು. "ಸುಮ್ಮನೆ ಬರೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೋ? ಬುದ್ಧಿ ಇದೆಯಾ?"

ಕೊನೆಗೆ ಒಂದು ಶನಿವಾರ, ಶಾಲೆ ಮುಗಿಸಿ ಬಂದವಳೇ, ಡಬ್ಬಿಯನ್ನೂ ಮಾವನವರನ್ನೂ ಎಬ್ಬಿಸಿಕೊಂಡು ಯಶವಂತಪುರಕ್ಕೆ ಬಸ್ಸು ಹತ್ತಿದೆ. ಅಲ್ಲಿ ಆ ಟೀ ಪುಡಿಯವರ ಡಿಪೋ. ಕುಕ್ಕರಿಗೆ ಬೇಕಾದಷ್ಟು ಕೂಪನ್ ನಮ್ಮಲ್ಲಿತ್ತು, ಮಿಕ್ಕುವಷ್ಟೇ ಇತ್ತು. ಗುಮಾಸ್ತ ಕುಕ್ಕರನ್ನು ತಂದು ಮುಂದಿಟ್ಟ. ಆಹಾ, ಎಂಥ ಹೊಳಪು! ಮಾವನವರು ಮುಚ್ಚಳ ತೆಗೆದರು, ಹಾಕಿದರು. ಗ್ಯಾಸ್ಕೆಟ್ ಎಳೆದು ನೋಡಿದರು. ವಿಷಲ್ ಕೈಯಲ್ಲಿ ಹಿಡಿದು ಅಂದಾಜು ಮಾಡಿದರು. ನಾನು ಮನಸ್ಸಿನಲ್ಲಿ ಆಗಲೇ ಬೇಳೆ ಬೇಯಿಸಿ ಒಗ್ಗರಣೆಯನ್ನೂ ಹಾಕಿದ್ದೆ.

"ಇದಕ್ಕಿಂತ ಮೇಲಿಂದು ಏನಿದೆ?" ಎಂದರು ಮಾವನವರು.

"ಗೋಡೆ ಗಡಿಯಾರ ಇದೆ ಸಾರ್. ಅದಕ್ಕೆ ಇನ್ನೂ ಸ್ವಲ್ಪ ಕೂಪನ್ ಬೇಕಾಗುತ್ತೆ."

"ಹಾಗಾದ್ರೆ ಗಡಿಯಾರಾನೇ ಲಾಭ. ಬಾಮ್ಮ, ಇನ್ನೊಂದಷ್ಟು ದಿನ ಬಿಟ್ಟು ಬರೋಣ."

ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಗಡಿಯಾರ ಇರಲಿಲ್ಲವೇ? ಇತ್ತು, ಒಂದಲ್ಲ, ಎರಡು! ನಾನು ಅಷ್ಟು ದಿನ ಜೋಪಾನವಾಗಿ ಮುಚ್ಚಿಟ್ಟುಕೊಂಡಿದ್ದ ಧಾರವಾಡದ ನಾಲಿಗೆ ಆ ಡಿಪೋದಲ್ಲಿ ಹೊರಬಿತ್ತು.

"ಮಾವನವರ, ಗಡಿಯಾರದಾಗ ಬ್ಯಾಳಿ ಕುದೀತಾವೇನ್ರಿ?"

ಸಾಲಿನಲ್ಲಿ ನಿಂತವರೆಲ್ಲ ಘೊಳ್ಳೆಂದರು. ಗುಮಾಸ್ತ ಕುಕ್ಕರನ್ನು ಎತ್ತಿಕೊಂಡು ಮೆಲ್ಲಗೆ ಹಿಂದೆ ಸರಿದ. ಮಾವನವರು ಮಾತ್ರ ಡಬ್ಬಿಯ ಮುಚ್ಚಳ ಒತ್ತಿ, ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ಅವತ್ತಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ, ಸೌಟಿನಿಂದ ಬೇಳೆ ಅರೆಯುವುದನ್ನೂ ಬಿಟ್ಟೆ. ತಟ್ಟೆಯಲ್ಲಿ ಸಾರು ಒಂದು ಕಡೆ ಹರಿದರೆ ಬೇಳೆ ಇನ್ನೊಂದು ಕಡೆ ಕೂರುತ್ತಿತ್ತು. ಅವರು ಅದನ್ನೇ ಕಲಸಿಕೊಂಡು, ಕಟಕಟ ಅಗಿದು, "ಚೆನ್ನಾಗಿದೆ" ಎನ್ನುತ್ತಿದ್ದರು. ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆಮೇಲೆ ಆಗಬೇಕಾದದ್ದೇ ಆಯಿತು. ಒಂದು ಸಂಜೆ ನಮ್ಮವರು ಏದುಸಿರು ಬಿಡುತ್ತಾ ಬಂದು, ಕೂಪನ್ ಯೋಜನೆ ಮುಗಿಯಿತಂತೆ, ನಾಳೆಯೇ ಕಡೆಯ ದಿನವಂತೆ ಎಂದರು. ಬೆಳಗಾಗುತ್ತಲೇ ಮಾವನವರೂ ನಾನೂ ಡಿಪೋಗೆ ಓಡಿದೆವು. ನಾನು ಶಾಲೆಗೆ ರಜ ಹಾಕಿದ್ದೆ. ಕುಕ್ಕರ್ ಖಾಲಿ, ಗಡಿಯಾರ ಖಾಲಿ. ಉಳಿದದ್ದು ಒಂದೆರಡು ಫ್ಲಾಸ್ಕು, ಗೋಣಿಚೀಲಗಳ ತುಂಬ ಟೀ ಸೋಸುವ ಜರಡಿ.

"ಫ್ಲಾಸ್ಕ್ ತಗೊಳ್ರಿ. ಅದನ್ನಾದರೂ ತಗೊಳ್ರಿ" ಎಂದು, ಮಾತು ಬಿಟ್ಟದ್ದನ್ನೂ ಮರೆತು, ಹಲ್ಲು ಕಚ್ಚಿ ಹೇಳಿದೆ.

ಮಾವನವರು ಫ್ಲಾಸ್ಕನ್ನೊಮ್ಮೆ ನೋಡಿದರು, ಜರಡಿಯನ್ನೊಮ್ಮೆ ನೋಡಿದರು. ಡಬ್ಬಿಯನ್ನು ಬೋರಲು ಹಾಕಿ ಅಷ್ಟೂ ಕೂಪನ್ನಿಗೆ ಜರಡಿಯನ್ನೇ ತೆಗೆದುಕೊಂಡರು. ಎಷ್ಟೋ ವರ್ಷ ಕಾದು, ಗೌರವಸ್ಥರ ಮನೆಯ ಸೊಸೆಯನ್ನು ನಾಲ್ಕು ಜನರ ಮುಂದೆ ಕಿರುಚುವಂತೆ ಮಾಡಿ, ಪೂರ್ತಿ ಬೆಲೆ ವಸೂಲು ಮಾಡುತ್ತೇನೆಂದ ಮನುಷ್ಯ ಎರಡು ಚೀಲ ಜರಡಿ ಹೊತ್ತುಕೊಂಡು ಬಸ್ಸು ಹತ್ತಿದರು. ಕಂಡಕ್ಟರು ಅದಕ್ಕೆ ಲಗೇಜ್ ಟಿಕೆಟ್ ಹರಿದ!

ಮನೆಯಲ್ಲಿ ಅತ್ತೆ ಚೀಲ ಬಿಚ್ಚಿ ನೋಡಿ ತಲೆ ಚಚ್ಚಿಕೊಂಡರು. "ಸಾಮಾನು ಬಂತಲ್ಲ, ಇನ್ನು ಆ ಕಷಾಯ ನಿಲ್ಲಿಸಿ" ಎಂದರು.

"ಹೇಗೆ ನಿಲ್ಸೋದೇ? ಇಷ್ಟೊಂದು ಜರಡಿ ಬಂದಿದೆ. ಟೀ ಮಾಡ್ದೇ ಇದ್ರೆ ಎಲ್ಲಾ ದಂಡ ಆಗೋಗುತ್ತಲ್ಲ" ಎಂದರು ಮಾವನವರು.

ಕೇಳಿ ನಾನು ಅಡುಗೆಮನೆಯ ಬಾಗಿಲನ್ನು ದಡಾರನೆ ಹಾಕಿಕೊಂಡೆ. ಮುಂದಿನ ತಿಂಗಳು ನಮ್ಮವರು ಬೋನಸ್ಸಿನಲ್ಲಿ ಕುಕ್ಕರ್ ತಂದರು. ಈ ಸಲ ಮಾವನವರು ಚಕಾರ ಎತ್ತಲಿಲ್ಲ. ಕೆಲಸವೂ ಉಳಿಯಿತು. ಸಿಟ್ಟೂ ಉಳಿಯಿತು.

ಒಂದೆರಡು ವರ್ಷ ಕಳೆದಿರಬೇಕು. ಅತ್ತೆ ಚಿಕ್ಕಬಾಣಾವರದ ಮಗಳ ಮನೆಗೆ ಹೋಗಿದ್ದರು. ಮಧ್ಯಾಹ್ನ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಮಾವನವರು ಅಡುಗೆಮನೆಯ ಹೊಸಿಲಲ್ಲಿ ಬಂದು ನಿಂತರು.

"ಅಮ್ಮಾ, ಅವಳಿಲ್ಲ. ನನಗೆ ಒಂದು ಲೋಟ ಕಾಫಿ ಮಾಡ್ಕೊಡ್ತೀಯಾ?"

"ನಿಮಗ ಪಿತ್ತ ಆಗ್ತದಲ್ರಿ?"

"ಪಿತ್ತಾನೂ ಇಲ್ಲ, ಏನೂ ಇಲ್ಲ. ಈ ಟೀ ಇದೆಯಲ್ಲ, ಒಳ್ಳೆ ಹುಲ್ಲು ಬೇಯಿಸಿ ಕುಡಿದ ಹಾಗಿರುತ್ತೆ. ಇಷ್ಟು ವರ್ಷ ಆದ್ರೂ ಗಂಟಲಲ್ಲಿ ಇಳಿಯಲ್ಲ."

"ಹಂಗಾದ್ರ ಯಾಕ ಕುಡಿದ್ರಿ?"

ಅವರು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತರು. "ನೀನು ಬಂದ ಹೊಸದ್ರಲ್ಲಿ ಹಣೆಗೆ ಬಟ್ಟೆ ಕಟ್ಕೊಂಡು ಓಡಾಡ್ತಿದ್ದೆ. ಸೊಸೆಗೋಸ್ಕರ ಟೀ ಮಾಡು ಅಂದಿದ್ರೆ ಇವಳು ಮಾಡ್ತಿದ್ಳಾ? ಕೂಪನ್ನಿಗೆ ಅಂದೆ, ಒಪ್ಕೊಂಡ್ಳು."

ನನಗೆ ಕುಕ್ಕರ್ ನೆನಪಾಯಿತು. ಕೇಳುವ ಮೊದಲೇ ಅವರು ಹೇಳಿದರು. "ಅವತ್ತು ಕುಕ್ಕರ್ ತಂದಿದ್ರೆ ಅವತ್ತೇ ನಿನ್ನ ಟೀ ನಿಂತುಹೋಗ್ತಿತ್ತಲ್ಲಮ್ಮ."

ಸಿಟ್ಟು ನೆತ್ತಿಗೇರಿತು ನೋಡಿ! ಒಂದು ಮಾತು ಬಾಯಿಬಿಟ್ಟು ಹೇಳಲು ಏನಾಗಿತ್ತು ಈ ಮನುಷ್ಯನಿಗೆ? ನನ್ನ ವರ್ಷಗಟ್ಟಲೆಯ ಸಿಟ್ಟಿಗೆ ಈಗ ಒಂದೇ ಗಳಿಗೆಯಲ್ಲಿ ನೆಲೆಯಿಲ್ಲದಂತೆ ಮಾಡಿಬಿಟ್ಟರಲ್ಲ? ಬೈಯಬೇಕೆಂದು ಬಾಯಿ ತೆರೆದೆ, ಕಣ್ಣು ತುಂಬಿಕೊಂಡಿತು. ಆ ಸೋಪಿನ ವಿಷಯವನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ. ಅದರಲ್ಲಿ ಯಾರ ತಲೆನೋವೂ ಇರಲಿಲ್ಲ.

ಅತ್ತೆಯ ಫಿಲ್ಟರ್ ಮುಂದಿತ್ತು. ಅದರಲ್ಲಿ ಡಿಕಾಕ್ಷನ್ ಇಳಿಸುವುದು ನನಗೆ ಯಾರೂ ಕಲಿಸಿರಲಿಲ್ಲ, ಇಳಿಯುವ ತನಕ ಕಾಯುವ ಸ್ಥಿತಿಯಲ್ಲೂ ನಾನಿರಲಿಲ್ಲ. ನಮ್ಮೂರಲ್ಲಿ ಚಹಾ ಮಾಡುವ ಹಾಗೆ ಕಾಫಿಪುಡಿ, ಸಕ್ಕರೆ, ಹಾಲು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದೆ. ಮೂಗು ಒರೆಸಿಕೊಂಡು, ಲೋಟಕ್ಕೆ ಸೋಸಿ ಅವರ ಕೈಗೆ ಕೊಟ್ಟೆ. ಮಾವನವರು ಒಂದು ಗುಟುಕು ಕುಡಿದರು. ಮುಖ ಹುಳ್ಳಗಾಯಿತು.

"ಚೆನ್ನಾಗಿದೆ" ಎಂದರು.

ಆಮೇಲೆ ನನ್ನ ಕೈಯಲ್ಲಿ ಇನ್ನೂ ತೊಟ್ಟಿಕ್ಕುತ್ತಿದ್ದ ಜರಡಿಯನ್ನು ನೋಡಿ ಹೇಳಿದರು. "ನೋಡಿದ್ಯಾ ಮಗು, ಒಂದೂ ದಂಡ ಆಗ್ಲಿಲ್ಲ."