ಕೇಳಿ ಕೇಳಿ ದಣಿದ ನಮ್ಮ ಕಾಕಾ

ಹೊಲ ಉತ್ತು ದಣಿದವರನ್ನು ನೀವು ನೋಡಿರುತ್ತೀರಿ. ಮೂಟೆ ಹೊತ್ತು ದಣಿದವರನ್ನೂ ನೋಡಿರುತ್ತೀರಿ. ಕುರ್ಚಿಯಲ್ಲಿ ಕುಳಿತು, ಬರೀ ಕಿವಿಯಿಂದ ದುಡಿದು ಸುಸ್ತಾದವರನ್ನು ಕಂಡಿದ್ದೀರಾ? ಮಾನ್ವಿಯ ನಮ್ಮ ಕಾಕಾ ಒಬ್ಬರೇ ಇರಬೇಕು!

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಪರೀಕ್ಷೆ ಪಾಸು ಮಾಡಿ ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದಿದ್ದರು. ಅಂದರೆ ಮನೆಯಲ್ಲೇ ಕೂತು ದೂರದ ಊರುಗಳ ಹವ್ಯಾಸಿಗಳೊಡನೆ ಮಾತಾಡುವ ಅಧಿಕಾರ. ರಿಸೀವರನ್ನು ತಾವೇ ಜೋಡಿಸಿದ್ದರು. ಅದರಲ್ಲಿ ಮಾತೊಂದು ಬಿಟ್ಟು ಉಳಿದದ್ದೆಲ್ಲ ಕೇಳುತ್ತಿತ್ತು! ಸದಾ ಸುಂಯ್ ಎನ್ನುವ ಸದ್ದು, ನಡುವೆ ಕೀಂ ಎಂದು ಸಿಳ್ಳೆ, ಪಕ್ಕದ ಅಕ್ಕಿ ಗಿರಣಿ ಶುರುವಾದರೆ ಗರ್ ಗರ್. ಹರಳಿನ ರಾಶಿಯಲ್ಲಿ ಅಕ್ಕಿಕಾಳು ಹುಡುಕಿದಂತೆ ಕಾಕಾ ಮಾತು ಹುಡುಕಬೇಕು.

ಭಾನುವಾರ ಎರಡು ತಾಸು ಕೇಳಿ ಎದ್ದರೆಂದರೆ ಹಣೆ ಒತ್ತಿಕೊಳ್ಳುತ್ತ ಹಾಸಿಗೆಗೆ ಬೀಳುತ್ತಿದ್ದರು. ಆಮೇಲೆ ಮನೆಯಲ್ಲಿ ಒಗ್ಗರಣೆ ಕೂಡ ಚಟಪಟ ಅನ್ನುವಂತಿಲ್ಲ!

“ಕುಂತಲ್ಲೇ ಕುಂತು ಕೇಳಿದ್ರ ಯಾರರ ದಣೀತಾರೇನ್ರಿ?” ಎನ್ನುತ್ತಿದ್ದಳು ಕಾಕಿ.

“ಕೇಳಿದ್ರ ದಣಿಯಂಗಿಲ್ಲ. ಕೇಳಸ್ಲಾರದ್ದನ್ನ ಕೇಳಿದ್ರ ದಣಿವಾಗ್ತದ!” ಎಂದು ಕಾಕಾ ಗೋಡೆ ಕಡೆ ಹೊರಳುತ್ತಿದ್ದರು.

ಕೊನೆಗೆ ಕಾಕಿ ಅವರನ್ನು ರಾಯಚೂರಿನ ಕಿವಿ ಡಾಕ್ಟರ ಹತ್ತಿರ ಎಳೆದು ತಂದಳು. ನಾನಾಗ ಆ ಊರಲ್ಲೇ ನೌಕರಿಯಲ್ಲಿದ್ದೆ. ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತೆ.

“ಏನ್ ಸಪ್ಪಳ ಕೇಳ್ತದ್ರಿ?” ಎಂದರು ಪರದೆಯಾಚೆ ಡಾಕ್ಟರು.

ಕಾಕಾ ಸುಂಯ್‌ನಿಂದ ಕೀಂವರೆಗೆ ಎಲ್ಲವನ್ನೂ ಬಾಯಲ್ಲೇ ನುಡಿಸಿ ತೋರಿಸಿದರು. ನನ್ನ ಪಕ್ಕ ಸರದಿಗೆ ಕಾಯುತ್ತಿದ್ದ ಅಜ್ಜ, “ಯಪ್ಪಾ! ಒಳಗ ಕಿವಿ ಕೀಳಾಕತ್ತಾರೇನ್ರಿ?” ಎಂದವನೇ ಕೋಲು ಹಿಡಿದು ಹೊರಟೇಬಿಟ್ಟ!

“ಕಿವಿ ಬೇಷ್ ಅದಾವು. ರೇಡಿಯೋಕ್ಕ ಔಷಧ ಕೊಡಸ್ರಿ,” ಎಂದರು ಡಾಕ್ಟರು.

ಔಷಧ ಸಿಕ್ಕಿದ್ದು ದೇವದುರ್ಗದಲ್ಲಿ. ಅಲ್ಲಿದ್ದ ಕಾಕಾರ ಹ್ಯಾಮ್ ಗೆಳೆಯರು ತಂತಿ ಸುತ್ತಿ, ಬೇಡದ ಸದ್ದು ಸೋಸುವ ಒಂದು ಫಿಲ್ಟರ್ ಮಾಡಿಕೊಟ್ಟರು. ಜೋಡಿಸಿದ್ದೇ ತಡ, ಸಿಳ್ಳೆ ಮಾಯ, ಸುಂಯ್ ಅರೆಜೀವ! ಎಷ್ಟೋ ತಿಂಗಳ ಮೇಲೆ ಕಾಕಾ ಹಣೆ ಗಂಟಿಕ್ಕದೆ ಕುಳಿತರು. ಐದೇ ನಿಮಿಷ. ಗೊರಕೆ! ಸಿಲೋನಿನಿಂದ ಒಬ್ಬಾತ ಹೆಸರು ಹಿಡಿದು ಕರೆದ, ಕಾದ, ಹೋದ.

“ಎಬ್ಬಸಬಾರದಿತ್ತೇನು?” ಎಂದು ಕಾಕಾ ಎದ್ದ ಮೇಲೆ ಸಿಡುಕಿದರು.

“ಇಷ್ಟು ದಿನಕ್ಕ ಮನಿ ಸುಮ್ಮಗಾಗೇದ. ಯಾಕ ಎಬ್ಬಸ್ಲಿ?” ಎಂದಳು ಕಾಕಿ.

ಮುಂದೆ ಕೆಲವು ವರ್ಷಕ್ಕೆ ಕಾಕಿಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ದನಿ ಹೋಗಿ ಬರೀ ಉಸಿರು ಉಳಿಯಿತು. ಅವಳು ಏನೋ ಹೇಳುವಳು, ನಾವು “ಆಂ? ಆಂ?” ಎನ್ನುವೆವು. ಮೂರನೆಯ ಸಲಕ್ಕೆ ಅವಳೇ ಕೈಬೀಸಿ ಸುಮ್ಮನಾಗಿಬಿಡುವಳು. ಮೊದಲ ಸಲಕ್ಕೇ ಅವಳ ಮಾತು ತಿಳಿಯುತ್ತಿದ್ದದ್ದು ಕಾಕಾ ಒಬ್ಬರಿಗೆ.

ಒಂದು ಭಾನುವಾರ ನಾನು ಹೋದಾಗ ರೇಡಿಯೋ ಬಂದ್ ಆಗಿತ್ತು. ಕಾಕಿ ಸೊಪ್ಪು ಸೋಸುತ್ತ, ತನ್ನ ತವರೂರು ಗಬ್ಬೂರಿನ ಯಾವುದೋ ಹಳೇ ಜಗಳವನ್ನು ಪಿಸುಗುಡುತ್ತಿದ್ದಳು. ಕಾಕಾ ಮುಂದಕ್ಕೆ ಬಾಗಿ ಕುಳಿತು ನಗುತ್ತಿದ್ದರು. ತಾಸಾಯಿತು, ಎರಡು ತಾಸಾಯಿತು.

“ದಣಿವಾಗಂಗಿಲ್ಲೇನ್ ಕಾಕಾ?” ಎಂದೆ.

ಅವರು ನನ್ನತ್ತ ತಿರುಗಲೂ ಇಲ್ಲ. ಕೈ ಎತ್ತಿ, “ಸ್ವಲ್ಪ ತಡೀಲೇ,” ಎಂದರು, “ಆಕಿ ಹೇಳಾಕತ್ತಾಳ.”