ಎಂಟು ಗಂಟೆಯ ರಾಜಾಜ್ಞೆ

ತುಮಕೂರಿನ ಕಾಲೇಜೊಂದರ ಕಂಪ್ಯೂಟರುಗಳೆಲ್ಲ ಗುರುಪ್ರಕಾಶ ಹೇಳಿದಂತೆ ಕೇಳುತ್ತಿದ್ದವು. ಗುಬ್ಬಿಯ ಸ್ವಂತ ಮನೆಯಲ್ಲಿ ಮಾತ್ರ ಅವನ ಮಾತು ಕೇಳುವವರು ಯಾರೂ ಇರಲಿಲ್ಲ. ಅವನು ರಾತ್ರಿ ಊಟಕ್ಕೆ ಕೂತರೆ ತಾಯಿ ಗಂಗಾಂಬಿಕೆ ರೂಮಿನಲ್ಲಿ ಮೊಬೈಲ್ ಹಿಡಿದು ಪ್ರವಚನಕ್ಕೆ ತಲೆದೂಗುತ್ತಿದ್ದರು. ಹೆಂಡತಿ ಮಾಲಿನಿ ಬ್ಲೌಸ್ ಡಿಸೈನುಗಳಲ್ಲಿ ಮುಳುಗಿರುತ್ತಿದ್ದಳು. ಪಿಯುಸಿ ಓದುವ ಮಗಳು ಅಕ್ಷತಾ ಫೋನಿನಲ್ಲಿ ಏನು ನೋಡುತ್ತಾಳೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೀಗಾಗಿ ಗುರುಪ್ರಕಾಶ ಗೋಡೆ ನೋಡುತ್ತಾ ಒಬ್ಬನೇ ಮುದ್ದೆ ನುಂಗುತ್ತಿದ್ದ. (ಗೋಡೆ ಎದುರು ಮಾತಾಡುತ್ತಿರಲಿಲ್ಲ, ಅದೊಂದು ಸಮಾಧಾನ.)

ಒಂದು ಭಾನುವಾರ ಅವನಿಗೆ ಜ್ಞಾನೋದಯವಾಯಿತು. ಕಾಲೇಜಿನ ಹಾಸ್ಟೆಲಿನಲ್ಲಿ ಗೊತ್ತಾದ ಹೊತ್ತಿಗೆ ವೈಫೈ ತಾನಾಗಿಯೇ ಆರುವಂತೆ ಕಮಾಂಡ್ ಬರೆದಿಟ್ಟವನು ಅವನೇ. ಅದೇ ಮದ್ದು ಮನೆಗೇಕೆ ಬೇಡ? ಕೂಡಲೇ ಮನೆಯ ರೌಟರಿಗೆ ಆಜ್ಞೆ ಬರೆದ: ದಿನಾ ರಾತ್ರಿ ಎಂಟಕ್ಕೆ ನೆಟ್ ಬಂದ್, ಒಂಬತ್ತಕ್ಕೆ ಚಾಲೂ. ಆಮೇಲೆ ಹಾಲಿನ ನಡುವೆ ನಿಂತು ಅದನ್ನು ಘೋಷಿಸಿದ.

"ಏನ್ರೀ ಇದು, ನಾವೇನು ನಿಮ್ ಹಾಸ್ಟೆಲ್ ಹುಡುಗ್ರಾ?" ಎಂದು ಮಾಲಿನಿ ಸಿಡಿದಳು.

"ಎಲ್ರೂ ಒಟ್ಟಿಗೆ ಕೂತು ಉಣ್ಲಿ ಅಂತ ಕಣೇ. ನನ್ ಫೋನೂ ಬೀರುಗೆ ಹಾಕ್ತೀನಿ, ಸಾಕಾ?"

ಅಂದೇ ಪವಾಡ ನಡೆಯಿತು. ಎಂಟಾಗುತ್ತಿದ್ದಂತೆ ಮೂವರೂ ಬರಿಗೈಯಲ್ಲಿ ಬಂದು ತಟ್ಟೆ ಮುಂದೆ ಕೂತರು! ಮಾರನೆಯ ದಿನವೂ ಬಂದರು. ಸೊಪ್ಪಿನ ಸಾರಿನ ಜೊತೆ ಮಾತು ಹರಿಯಿತು, ಅಕ್ಷತಾ ಲೆಕ್ಚರರ ಅಣಕ ಮಾಡಿದಳು, ಗಂಗಾಂಬಿಕೆ ನಕ್ಕು ನಕ್ಕು ಕೆಮ್ಮಿದರು. ಗುರುಪ್ರಕಾಶನ ಎದೆ ಉಬ್ಬಿತು. ಯಡಿಯೂರಿಗೆ ಹೋದಾಗ ದೇವಸ್ಥಾನದಲ್ಲಿ ಸಿಕ್ಕ ನೆಂಟರಿಗೂ ತನ್ನ ಆಜ್ಞೆಯ ಮಹಿಮೆಯನ್ನು ಕೊರೆದ.

ಹೀಗಿರುವಾಗ ಕುಣಿಗಲ್ಲಿನಿಂದ ಮಾಲಿನಿಯ ತಮ್ಮ ಬಸವರಾಜ್ ಬಂದ. ಎಂಟು ದಾಟಿ ಎಲ್ಲರೂ ಊಟಕ್ಕೆ ಕೂತಾಗ ಗುರುಪ್ರಕಾಶ ಶುರು ಮಾಡಿದ.

"ನೋಡು ಬಸವರಾಜು, ಈಗ ಈ ಮನೇಲಿ ಒಂದು ನೊಣಕ್ಕೂ ನೆಟ್ ಸಿಗಲ್ಲ."

ಬಸವರಾಜನ ಫೋನಿನಿಂದ ಸಾವಿರಾರು ಜನ ಹೋ ಎಂದು ಕೂಗಿದರು. ಯಾರೋ ಸಿಕ್ಸರ್ ಹೊಡೆದಿದ್ದ.

"ಅದು ನಿನ್ ಸಿಮ್ಮಿಂದು ಬಿಡು."

"ಇಲ್ಲ ಭಾವ, ನನ್ ಸಿಮ್‌ಗೆ ಇಲ್ಲಿ ಒಂದು ಕಡ್ಡೀನೂ ಬರಲ್ಲ. ಇದು ನಿಮ್ದೇ ವೈಫೈ."

ಗುರುಪ್ರಕಾಶ ಎಂಜಲುಗೈಯಲ್ಲೇ ಎದ್ದ. ಎಡಗೈಯಲ್ಲಿ ಲ್ಯಾಪ್‌ಟಾಪ್ ತೆರೆದು ರೌಟರಿನ ಗಡಿಯಾರ ನೋಡಿದರೆ, ಅದರಲ್ಲಿನ್ನೂ ಮಧ್ಯಾಹ್ನ! ಆಜ್ಞೆ ಬರೆದ ಮಹಾಶಯ ಭಾರತದ ಸಮಯ ಹೊಂದಿಸುವುದನ್ನೇ ಮರೆತಿದ್ದ. ಗುಬ್ಬಿಯಲ್ಲಿ ಕೂತ ರೌಟರು ಐದೂವರೆ ಗಂಟೆ ಹಿಂದಿನ ಗ್ರೀನ್‌ವಿಚ್ ಸಮಯದಲ್ಲಿ ಬಾಳುತ್ತಿತ್ತು. ಅವನ ರಾಜಾಜ್ಞೆ ದಿನವೂ ತಪ್ಪದೆ ಜಾರಿಯಾಗುತ್ತಿತ್ತು, ಆದರೆ ಮನೆಯವರೆಲ್ಲ ಗೊರಕೆ ಹೊಡೆಯುವ ಹೊತ್ತಿನಲ್ಲಿ.

"ಹಂಗಾದ್ರೆ ಇಷ್ಟು ದಿನ ನೀವೆಲ್ಲ ಯಾಕ್ ಬಂದ್ರಿ?"

ಮಾಲಿನಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಕ್ಷತಾ ತಡೆಯಲಾರದೆ ಬಾಯಿಬಿಟ್ಟಳು. "ಮೊದಲ್ನೇ ದಿನಾನೇ ಗೊತ್ತಾಯ್ತಪ್ಪ. ಎಂಟಾದ್ರೂ ನೆಟ್ ಚೆನ್ನಾಗೇ ಬರ್ತಿತ್ತು. ಅಜ್ಜಿನೇ 'ಸುಮ್ನೆ ಫೋನ್ ಇಟ್ಟು ಬಾ, ಅವ್ನಿಗೆ ಹೇಳ್ಬೇಡ' ಅಂದ್ರು."

ಗಂಗಾಂಬಿಕೆ ಮಗನತ್ತ ನೋಡಿದರು. "ನೀನು ಒಬ್ನೇ ಕೂತು ಉಣ್ಣೋದು ನಾನು ರೂಮಿನಿಂದ ಯಾವತ್ತೂ ನೋಡಿರ್ಲಿಲ್ಲ ಕಣೋ. ಇಷ್ಟೆಲ್ಲ ಒದ್ದಾಡಿದ್ಮೇಲೆ ಗೊತ್ತಾಯ್ತು. 'ಅವ್ವಾ, ಜೊತೇಲಿ ಉಣ್ಣಾನ ಬಾ' ಅಂದಿದ್ರೆ ನಾನ್ ಬರ್ತಿರ್ಲಿಲ್ವಾ? ಆ ಡಬ್ಬಕ್ಕೆ ಯಾಕ್ ಹೇಳಕ್ಕೋದೆ?"

ಗುರುಪ್ರಕಾಶ ಲ್ಯಾಪ್‌ಟಾಪ್ ಮುಚ್ಚಿ ಬಂದು ತಟ್ಟೆ ಮುಂದೆ ಕೂತ.

ಬಸವರಾಜ್ ಫೋನ್ ಮಗುಚಿಟ್ಟು ಮೆಲ್ಲಗೆ ಕೇಳಿದ. "ಭಾವ, ನಮ್ಮನೇಗೂ ಇಂಥದ್ದೇ ಒಂದು ಹಾಕ್ಕೊಡಿ."

"ಇದು ಕೆಲ್ಸಾನೇ ಮಾಡ್ಲಿಲ್ವಲ್ಲೋ!"

"ಅದಕ್ಕೇ ಕೇಳ್ತಿರೋದು ಭಾವ. 'ಪಾಪ, ಇವ್ನ ಕೈಲಿ ಏನೂ ಆಗಲ್ಲ' ಅಂತ ನನ್ನ ನೋಡಿ ನಮ್ಮನೇಲೂ ಎಲ್ರೂ ಊಟಕ್ಕೆ ಬರ್ತಾರೇನೋ ನೋಡಾಣ."